ಕುಮುದಾಳ ರಿವಾಲ್ವರ್, ನನ್ನ ಕೊಬ್ಬರಿ ಎಣ್ಣೆ

ನನ್ನ ಹೆಂಡತಿ ಕುಮುದಾಗೆ ಸಿಟ್ಟು ಬಂದರೆ ಕೂಗಾಡುವುದಿಲ್ಲ. ಅಳತೆ ತೆಗೆಯುತ್ತಾಳೆ. ಸಾರಿಗೆ ಉಪ್ಪು ಹೆಚ್ಚಾಯಿತು ಅಂತ ಬಾಯಿಬಿಟ್ಟು ಅನ್ನುವುದಿಲ್ಲ, ಮರುದಿನ ಉಪ್ಪಿನ ಡಬ್ಬಿಯ ಪಕ್ಕ ಒಂದು ಸಣ್ಣ ತಕ್ಕಡಿ ಬಂದು ಕೂತಿರುತ್ತದೆ. ಇಪ್ಪತ್ತೇಳು ವರ್ಷ ಸಂಸಾರ ಮಾಡಿದ್ದೇನೆ, ಆ ತಕ್ಕಡಿ ಕಂಡರೆ ಇವತ್ತಿಗೂ ನನ್ನ ಕೈಕಾಲು ತಣ್ಣಗಾಗುತ್ತವೆ.

ಅವಳ ಕೆಲಸವೇ ಅದು. ಸ್ವೀಡನ್ನಿನ ಮೋಲ್ನ್‌ಡಾಲ್‌ನಲ್ಲಿ ದೊಡ್ಡದೊಂದು ಔಷಧ ಕಂಪನಿಯ ಪ್ರಯೋಗಾಲಯದಲ್ಲಿ ಹದಿನೆಂಟು ವರ್ಷದಿಂದ ಇದ್ದಾಳೆ. ಯಾವ ಪುಡಿ ಎಷ್ಟು ಮಿಲಿಗ್ರಾಂ ಹೋದರೆ ಔಷಧ, ಎಷ್ಟು ಹೋದರೆ ವಿಷ ಅಂತ ನೋಡುವುದು. ನಾನು ಬಸವರಾಜ, ಹುಬ್ಬಳ್ಳಿಯಲ್ಲಿ ಹೈಸ್ಕೂಲ್ ಮಾಸ್ತರ ಆಗಿದ್ದವನು. ಅವಳ ಹಿಂದೆ ಬಂದು, ಇಲ್ಲಿ ದಾಗಿಸ್‌ನಲ್ಲಿ ಅಂದರೆ ಶಿಶುವಿಹಾರದಲ್ಲಿ ಮೂರು ವರ್ಷದ ಮಕ್ಕಳ ಮೂಗು ಒರೆಸಿ, ಬೂಟು ಹಾಕಿ, ನಿದ್ದೆ ಮಾಡಿಸುವವನಾದೆ. ಮಕ್ಕಳು ನನ್ನನ್ನು 'ಬಸ್ಸೆ' ಅನ್ನುತ್ತವೆ. ಹುಬ್ಬಳ್ಳಿಯಲ್ಲಿ ನನಗೆ ಹೆದರಿ ಹುಡುಗರು ಓಣಿ ಬದಲಿಸುತ್ತಿದ್ದರು. ಇರಲಿ ಬಿಡಿ. ಮನೆಯಲ್ಲಿ ಅಡುಗೆ ನನ್ನದು, ರೊಟ್ಟಿ ಬಡಿಯುವವನೂ ನಾನೇ, ಅದರಲ್ಲಿ ನನಗೇನೂ ನಾಚಿಕೆಯಿಲ್ಲ.

ಈ ಕುಮುದಾ ಗನ್ ಹಿಡಿಯುತ್ತಾಳೆ ಅಂದರೆ ಇಲ್ಲಿಯ ಕನ್ನಡದವರು ಯಾರೂ ನಂಬುವುದಿಲ್ಲ. ಯುಗಾದಿ ಊಟದಲ್ಲಿ ಬೆಂಗಳೂರಿನ ಹೆಣ್ಣುಮಕ್ಕಳು "ಆಂಟಿ, ನೀವಾ? ಸೀರಿಯಸ್ಲಿ?" ಅಂತ ಬಾಯಿ ತೆರೆದುಕೊಂಡು ನಿಂತಿದ್ದರು. ಅವಳು ಹೋಳಿಗೆಗೆ ತುಪ್ಪ ಹಾಕಿಕೊಳ್ಳುತ್ತಾ "ಹೌದು, ಇಪ್ಪತ್ತೈದು ಮೀಟರ್" ಅಂದಳು, ಅಷ್ಟೇ.

ಆದರೆ ಇದು ಇಲ್ಲಿ ಶುರುವಾದದ್ದಲ್ಲ. ಹುಬ್ಬಳ್ಳಿಯ ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದಾಗ ಅವಳು ರೈಫಲ್ ಶೂಟಿಂಗಿನಲ್ಲಿ ರಾಜ್ಯಕ್ಕೇ ಮೊದಲು ಬಂದವಳು. ದಿಲ್ಲಿಯ ಸ್ಪರ್ಧೆಗೆ ಆಯ್ಕೆಯಾಗಿ ರೈಲಿನ ಪಾಸು ಕೈಗೆ ಬಂದಿತ್ತು. ಅದೇ ವಾರ ಒಂದು ಸಂಬಂಧ ಕುದುರಿತು, ನಿಶ್ಚಯದ ದಿನ ಗೊತ್ತಾಯಿತು, ಹುಡುಗನ ಅಪ್ಪ ದಿನ ಬದಲಿಸಲು ಒಪ್ಪಲಿಲ್ಲ. ಆ ಹುಡುಗ ನಾನು. ದೇವರಾಣೆ ನನಗೇನೂ ಗೊತ್ತಿರಲಿಲ್ಲ. ಮದುವೆಯಾಗಿ ಹದಿನೈದು ವರ್ಷವಾದ ಮೇಲೆ ಟ್ರಂಕಿನ ತಳದಲ್ಲಿ ಆ ಪಾಸು ಸಿಕ್ಕಿತು. "ಯಾಕ ಹೇಳಲಿಲ್ಲ ನನಗ?" ಅಂತ ಜೋರು ಮಾಡಿದೆ. "ನೀವು ಕೇಳಲಿಲ್ರಿ" ಅಂದಳು. ಪಾಸನ್ನು ಮತ್ತೆ ಮಡಚಿ ಅಲ್ಲೇ ಇಟ್ಟಳು.

ಹೀಗಾಗಿ ಆರು ವರ್ಷದ ಹಿಂದೆ ಆಫೀಸಿನ ಗೆಳತಿಯೊಬ್ಬಳು ಅವಳನ್ನು ಕರಿಮದ್ದಿನ ಶೂಟಿಂಗ್ ಕ್ಲಬ್ಬಿಗೆ ಕರೆದುಕೊಂಡು ಹೋದಾಗ ನಾನು ಬೇಡ ಅನ್ನಲಿಲ್ಲ. ಯಾವ ಬಾಯಿಂದ ಅನ್ನಲಿ? ಆದರೆ ಒಳಗೊಳಗೇ ಜೀವ ಹಿಂಡುತ್ತಿತ್ತು. ನನ್ನ ತಮ್ಮ ಶಂಕರ ಒಂಬತ್ತು ವರ್ಷದವನಿದ್ದಾಗ ದೀಪಾವಳಿಯ ಆಟಂಬಾಂಬಿಗೆ ಎಡಗಣ್ಣು ಕೊಟ್ಟವನು. ನಾನು ಪಕ್ಕದಲ್ಲೇ ನಿಂತಿದ್ದೆ. ಕ್ಲಬ್ಬಿನ ಆ ಹೊಗೆ, ಆ ಗಂಧಕದ ವಾಸನೆ ಮೂಗಿಗೆ ಬಡಿದ ಮೊದಲ ದಿನ ನಾನು ಕಾರಿನೊಳಗೆ ಹೋಗಿ ಗಾಜು ಏರಿಸಿ ಕೂತೆ.

ಈ ಗನ್ನಿನ ಬಗ್ಗೆ ನಾಲ್ಕು ಮಾತು ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಇದಕ್ಕೆ ಕಾಡತೂಸು ಇಲ್ಲ. ನೂರಾ ಅರವತ್ತು ವರ್ಷದ ಹಿಂದೆ ಅಮೆರಿಕದಲ್ಲಿದ್ದ ರಿವಾಲ್ವರಿನ ನಕಲು, ಈಗ ಇಟಲಿಯಲ್ಲಿ ಮಾಡುತ್ತಾರೆ. ಸಿಲಿಂಡರಿನಲ್ಲಿ ಆರು ಗೂಡು, ಜೋಪಾನಕ್ಕೆ ಒಂದನ್ನು ಖಾಲಿ ಬಿಟ್ಟು ಐದನ್ನೇ ತುಂಬುತ್ತಾರೆ. ಒಂದೊಂದು ಗೂಡಿಗೂ ಮದ್ದು ಸುರಿದು, ಮೇಲೆ ಸೀಸದ ಗುಂಡು ಒತ್ತಿ ಕೂರಿಸಿ, ಗುಂಡಿನ ಮೇಲೆ ಗ್ರೀಸು ಮೆತ್ತಬೇಕು. ಒಂದು ಗೂಡು ಹಾರಿದಾಗ ಅದರ ಬೆಂಕಿ ಪಕ್ಕದ ಗೂಡಿಗೆ ನುಗ್ಗಬಾರದಲ್ಲ, ಅದಕ್ಕೆ. ಗುಂಡು ಬಿಗಿಯಾಗಿರುವುದು ಮೊದಲ ಕಾವಲು, ಗ್ರೀಸು ಎರಡನೆಯದು. ಕೆಲವರು ಮದ್ದಿಗೂ ಗುಂಡಿಗೂ ನಡುವೆ ಒಂದು ಚಮಚ ರವೆ ಹಾಕುತ್ತಾರೆ, ನಮ್ಮ ಉಪ್ಪಿಟ್ಟಿನ ರವೆಯೇ. ಕುಮುದಾ ಆಗ ಹಾಕುತ್ತಿರಲಿಲ್ಲ.

ಕ್ಲಬ್ಬಿನ ಹಿರಿಯ ಇಂಗ್ವಾರ್. ಎಪ್ಪತ್ತೆಂಟು ವರ್ಷದ ಮುದುಕ, ಬೇರಿಂಗ್ ಫ್ಯಾಕ್ಟರಿಯಲ್ಲಿ ಲೇತ್ ಮೇಲೆ ನಲವತ್ತು ವರ್ಷ ನಿಂತವನು. ಬೆರಳಿನಿಂದ ಮುಟ್ಟಿಯೇ ಕೂದಲೆಳೆಯ ವ್ಯತ್ಯಾಸ ಹೇಳುತ್ತಾನೆ. ಕ್ಲಬ್ಬಿಗೆಲ್ಲ ಗ್ರೀಸು ಅವನೇ ಮಾಡಿ ಹಂಚುತ್ತಿದ್ದ, ಕುರಿಯ ಕೊಬ್ಬು ಮತ್ತು ಜೇನುಮೇಣ ಅರ್ಧಕ್ಕರ್ಧ. ಇದು ಗೊತ್ತಾದದ್ದೇ ತಡ, ನನ್ನ ತಲೆ ಕೆಟ್ಟಿತು. ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು, ಕುರಿಯ ಕೊಬ್ಬು ಬೆರಳಿಗೆ ಮೆತ್ತಿಕೊಂಡು, ಫಿಕಾ ಅನ್ನುವ ಇವರ ಕಾಫಿ ವಿರಾಮದಲ್ಲಿ ಅದೇ ಬೆರಳಿಂದ ಬನ್ನು ಮುರಿದು ತಿನ್ನುವುದೇ?

"ಲ್ಯಾಬಿನ್ಯಾಗ ನಾ ಮುಟ್ಟೋದು ನಿಮಗ ಗೊತ್ತಾದ್ರ ನೀವು ಮನೀಗೇ ಕರಕೊಳ್ಳಂಗಿಲ್ಲ" ಅಂದಳು ಕುಮುದಾ.

"ಅಲ್ಲಿ ಕೈಗವಸು ಇರ್ತೈತಿ. ಇಲ್ಲಿ ಇಲ್ಲ. ಗ್ರೀಸ ನಾ ಮಾಡಿಕೊಡ್ತೀನಿ, ಸುಮ್ನಿರು."

ಮಾಡಿದೆ. ಕುರಿಯ ಕೊಬ್ಬಿನ ಬದಲು ಕೊಬ್ಬರಿ ಎಣ್ಣೆ, ಅದಕ್ಕೆ ಅಷ್ಟೇ ಜೇನುಮೇಣ. ಬೋಗುಣಿಯಲ್ಲಿ ಕರಗಿಸಿ, ಹಳೆಯ ವಿಭೂತಿ ಡಬ್ಬಿಗೆ ಸುರಿದು, ತಣಿಸಿ ಕೊಟ್ಟೆ. ಇಂಗ್ವಾರ್ ಮೂಸಿ ನೋಡಿ "ರಜೆಗೆ ಹೋದ ಹಾಗಿದೆ" ಅಂದ. ಇಲ್ಲಿಯವರಿಗೆ ಕೊಬ್ಬರಿ ವಾಸನೆ ಅಂದರೆ ಸಮುದ್ರದ ದಂಡೆಯಲ್ಲಿ ಮೈಗೆ ಹಚ್ಚುವ ಎಣ್ಣೆ. ಮೂರು ವರ್ಷ ಆ ಗ್ರೀಸು ನಡೆಯಿತು. ಕಾರಿನೊಳಗೆ ಗಾಜು ಏರಿಸಿ ಕೂರುತ್ತಿದ್ದವನು ಡಬ್ಬಿ ಹಿಡಿದು ಅವಳ ಬೆನ್ನ ಹಿಂದೆ ನಿಲ್ಲತೊಡಗಿದೆ. ನನಗೂ ಒಂದು ಕೆಲಸ ಸಿಕ್ಕಿತ್ತು.

ಹೋದ ವರ್ಷ ಬೇಸಿಗೆಗೆ ಮುಂಚೆ ಇಂಗ್ವಾರ್ ಅವಳಿಗೆ ಹೇಳಿದ: "ಬರುವ ವಸಂತದಲ್ಲಿ ರಾಷ್ಟ್ರೀಯ ತಂಡದ ಆಯ್ಕೆ. ನೂರಕ್ಕೆ ಎಂಬತ್ತೆಂಟು ಬೇಕು. ನೀನು ಹೊಡೆಯುತ್ತೀಯ. ಆದರೆ ಸ್ವಂತ ರಿವಾಲ್ವರ್ ಬೇಕು."

ಅವತ್ತಿನಿಂದ ನಮ್ಮ ಮನೆಯಲ್ಲಿ ಎರಡು ಇಟಾಲಿಯನ್ ಹೆಸರು ಓಡಾಡತೊಡಗಿದವು. ಸಾಲ್ವೆತ್ತಿ ಮತ್ತು ಬೊರ್ದಾನಿ. ಇಬ್ಬರೂ ಅದೇ ಒಂದು ಕಣಿವೆಯವರಂತೆ, ಅದೇ ಹಳೇ ರಿವಾಲ್ವರಿನ ನಕಲು ಮಾಡುವವರಂತೆ. ನನ್ನ ಕಣ್ಣಿಗೆ ಎರಡೂ ಒಂದೇ. ಕುಮುದಾಳ ನೋಟುಬುಕ್ಕಿನಲ್ಲಿ ಮಾತ್ರ ಎರಡು ಪುಟ ತುಂಬಿದವು. ಬೊರ್ದಾನಿ ಹೊಳಪಿನ ಗನ್, ಬಿಡಿಭಾಗ ಎಲ್ಲಾದರೂ ಸಿಗುತ್ತದೆ, ಕ್ಲಬ್ಬಿನ ಅರ್ಧಕ್ಕರ್ಧ ಜನರ ಹತ್ತಿರ ಅದೇ ಇದೆ. ಆದರೆ ಹಿಡಿ ದಪ್ಪ. ಕುಮುದಾಳ ಕೈ ಸಣ್ಣದು, ಬಳೆ ಅಂಗಡಿಯವರು ಮಕ್ಕಳ ಬಳೆಯ ಕಡೆ ಕೈ ಚಾಚುವಷ್ಟು ಸಣ್ಣದು. ಒಂದೇ ಕೈಯಲ್ಲಿ ಒಂದೂಕಾಲು ಕಿಲೋ ಎತ್ತಿ ಹಿಡಿಯಬೇಕು. ಎರಡನೇ ಸುತ್ತಿಗೆ ಅವಳ ಮಣಿಕಟ್ಟು ನಡುಗುತ್ತಿತ್ತು. ಸಾಲ್ವೆತ್ತಿಯ ಹಿಡಿ ತೆಳು, ಅವಳ ಅಂಗೈಗೆ ಅಳತೆ ಕೊಟ್ಟು ಮಾಡಿಸಿದಂತೆ ಕೂರುತ್ತಿತ್ತು. ಇಂಗ್ವಾರ್‌ನ ಸ್ವಂತದ್ದೊಂದು ಇತ್ತು, ಇಪ್ಪತ್ತು ವರ್ಷದ್ದು. ರೇಂಜಿನಲ್ಲಿ ಅವನ ಕಣ್ಣೆದುರು ಅದನ್ನೇ ಬಳಸುತ್ತಿದ್ದಳು. ಬೊರ್ದಾನಿಯಲ್ಲಿ ಎಂಬತ್ನಾಲ್ಕು, ಸಾಲ್ವೆತ್ತಿಯಲ್ಲಿ ತೊಂಬತ್ತೊಂದು.

"ಹಂಗಾದ್ರ ಮುಗೀತಲ್ಲ, ಸಾಲ್ವೆತ್ತಿ ತೊಗೊ" ಅಂದೆ.

"ಹತ್ತು ಸಲ ನೋಡಬೇಕ್ರಿ. ಆಮ್ಯಾಲೆ ಬದಲಿ ಮಾಡಾಕ ಬರಂಗಿಲ್ಲ."

ಅದು ನಿಜ. ಇಲ್ಲಿ ಪೊಲೀಸರು ಲೈಸೆನ್ಸ್ ಕೊಡುವುದು ಮನುಷ್ಯನಿಗಲ್ಲ, ಆ ಒಂದು ಗನ್ನಿಗೆ. ಯಾರು ಮಾಡಿದ್ದು, ಯಾವ ಮಾದರಿ, ಎಲ್ಲ ಬರೆಯಬೇಕು. ಕ್ಲಬ್ಬಿನ ಪರವಾಗಿ ಇಂಗ್ವಾರ್ ಸಹಿ ಹಾಕಬೇಕು. ಆಮೇಲೆ ತಿಂಗಳುಗಟ್ಟಲೆ ಕಾಯಬೇಕು. ಆಗಸ್ಟ್ ಮುಗಿಯುವುದರೊಳಗೆ ಅರ್ಜಿ ಹೋಗದಿದ್ದರೆ ವಸಂತಕ್ಕೆ ಕೈಯಲ್ಲಿ ಗನ್ ಇರುವುದಿಲ್ಲ.

ಆಗಸ್ಟಿನ ಎರಡನೇ ಭಾನುವಾರ ಯದ್ವಾತದ್ವಾ ಸೆಖೆ. ಇಪ್ಪತ್ತೊಂಬತ್ತು ಡಿಗ್ರಿ. ಸ್ವೀಡಿಷರು ಸಾಯುವವರ ಹಾಗೆ ನೆರಳಲ್ಲಿ ಬಿದ್ದುಕೊಂಡಿದ್ದರು, ನಾನು ಮಾತ್ರ "ಇದೇನು ಮಹಾ, ನಮ್ಮ ಕಡೆ ಬಂದು ನೋಡಿ" ಅಂತ ಬಿಸಿಲಲ್ಲೇ ಜಂಬ ಹೊಡೆಯುತ್ತಾ ಓಡಾಡುತ್ತಿದ್ದೆ. ಕುಮುದಾ ಸಾಲ್ವೆತ್ತಿಯಲ್ಲಿ ಎರಡನೇ ಸುತ್ತಿಗೆ ಐದು ಗೂಡು ತುಂಬಿದಳು. ಸಿಲಿಂಡರ್ ಮೊದಲೇ ಕಾದಿತ್ತು. ಡಬ್ಬಿ ತೆಗೆದುಕೊಟ್ಟೆ, ಅವಳು ಬೆರಳಿಂದ ಮೆತ್ತಿದಳು. ಯಾಕೋ ಸಿಲಿಂಡರಿನ ಅಂಚಿನಿಂದ ಒಂದು ಹನಿ ಜಾರಿ ಅವಳ ಮಣಿಕಟ್ಟಿನ ಮೇಲೆ ಬಿದ್ದದ್ದನ್ನು ನಾನು ನೋಡಿದೆ. ಬೆವರು ಅಂದುಕೊಂಡೆ.

ಎತ್ತಿದಳು. ಗನ್ನಿನ ಕುದುರೆ ಎಳೆದಳು. ಹೊಡೆದಳು.

ಆ ಸದ್ದು ಒಂದಾಗಿರಲಿಲ್ಲ. ಒಂದರೊಳಗೆ ಇನ್ನೊಂದು, ಮತ್ತೆ ಅದರ ಬೆನ್ನಿಗೆ ಕಬ್ಬಿಣ ಕಬ್ಬಿಣಕ್ಕೆ ಬಡಿದ ಕಿರ್ ಅನ್ನುವ ಸದ್ದು. ಹೊಗೆಯಲ್ಲಿ ಅವಳು ಕಾಣಿಸಲೇ ಇಲ್ಲ. ನಾನು "ಕುಮುದಾ!" ಅಂತ ಕಿರುಚಿದೆ. ಪಕ್ಕದ ಗೂಡಿಗೂ ಬೆಂಕಿ ನುಗ್ಗಿ ಎರಡು ಗುಂಡು ಒಟ್ಟಿಗೆ ಹಾರಿದ್ದವು. ಹೊಗೆ ಸರಿದಾಗ ಅವಳು ಹಾಗೆಯೇ ನಿಂತಿದ್ದಳು, ಕೈ ನೇರ, ನಳಿಕೆ ಗುರಿಯ ಕಡೆಗೇ. ಎನ್‌ಸಿಸಿಯ ಕಲಿಕೆ, ಹೆದರಿಕೆಯಲ್ಲೂ ಗನ್ ತಿರುಗಿಸಲಿಲ್ಲ. ಕನ್ನಡಕದ ಗಾಜಿನ ಮೇಲೆ ಸೀಸದ ಚುಕ್ಕೆ ಅಂಟಿತ್ತು. ಹೆಬ್ಬೆರಳಿನ ಬುಡ ಸುಟ್ಟು ಕೆಂಪಾಗಿತ್ತು. ಅಷ್ಟೇ. ಆ ಗಾಜು ಇರದಿದ್ದರೆ ಏನು? ಶಂಕರನ ಮುಖ ಕಣ್ಮುಂದೆ ಬಂತು.

ಇಂಗ್ವಾರ್ ಗನ್ ಇಸಿದುಕೊಂಡ, ಉಳಿದ ಗೂಡುಗಳನ್ನು ಖಾಲಿ ಮಾಡಿದ. ನನ್ನ ಕಡೆ ತಿರುಗಿ ಕೇಳಿದ: "ಗ್ರೀಸಿನಲ್ಲಿ ಮೇಣ ಎಷ್ಟಿತ್ತು?"

"ಅರ್ಧಕ್ಕರ್ಧ. ಯಾವಾಗಲೂ ಹಾಕುವಷ್ಟೇ" ಅಂದೆ.

ಸುಳ್ಳು.

ಮಾರ್ಚಿನಲ್ಲಿ ಕುಮುದಾ "ಥಂಡಿಗೆ ಭಾಳ ಗಟ್ಟಿ ಆಗೈತ್ರಿ, ಬೆರಳಿಗೆ ಬರವಲ್ದು" ಅಂದಿದ್ದಳು. ಅದಕ್ಕೆ ಮೇಣ ಕಡಿಮೆ ಮಾಡುತ್ತಾ ಬಂದೆ. ಜುಲೈನಲ್ಲಿ ಮಾಡಲು ಕೂತಾಗ ಮೇಣವೇ ತೀರಿಹೋಗಿತ್ತು. ಕೊಬ್ಬರಿ ಎಣ್ಣೆಯ ಬಾಟಲಿ ಕಪಾಟಿನಲ್ಲಿ ಎಂದಿನಂತೆ ಬೆಳ್ಳಗೆ, ಕಲ್ಲಿನಂತೆ ಇತ್ತು. ಇಪ್ಪತ್ತೆರಡು ವರ್ಷದಿಂದ ನಾನು ಈ ದೇಶದಲ್ಲಿ ಕೊಬ್ಬರಿ ಎಣ್ಣೆಯನ್ನು ಚಮಚದಿಂದ ಕೆರೆದೇ ತಲೆಗೆ ಹಚ್ಚಿಕೊಳ್ಳುವವನು. ಇಷ್ಟು ಗಟ್ಟಿ ಇದೆಯಲ್ಲ, ಮೇಣ ಯಾಕೆ ಬೇಕು ಅಂತ ಬರೀ ಎಣ್ಣೆಯನ್ನೇ ಡಬ್ಬಿಗೆ ತುಂಬಿದೆ. ಹುಬ್ಬಳ್ಳಿಯಲ್ಲಿ ಹುಟ್ಟಿ ಬೆಳೆದವನಿಗೆ, ಬಿಸಿಲಿಗೆ ಕೊಬ್ಬರಿ ಎಣ್ಣೆ ನೀರಾಗುತ್ತದೆ ಅನ್ನುವುದು ಮರೆತುಹೋಗಿತ್ತು! ಮೂರು ವರ್ಷದ ಮಗುವಿಗೂ ಗೊತ್ತಿರುವ ಸಂಗತಿ. ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು.

ಆದರೆ ಹೊಡೆದುಕೊಳ್ಳಲಿಲ್ಲ, ಬಾಯಿ ಮುಚ್ಚಿಕೊಂಡೆ. ಮನೆಗೆ ಬಂದು, ಅವಳು ಕೈಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದಾಗ, ಡಬ್ಬಿಯನ್ನು ಬಿಸಿನೀರಲ್ಲಿ ತೊಳೆದು ಒರೆಸಿ ಬೋರಲು ಹಾಕಿದೆ.

ಮೊದಲ ದಿನ ನಾಚಿಕೆಗೆ ಸುಮ್ಮನಿದ್ದೆ. ಎರಡನೇ ದಿನದಿಂದ ಬೇರೆ ಕಾರಣ ಹುಟ್ಟಿತು. ಕ್ಲಬ್ಬಿನಲ್ಲಿ ಎಲ್ಲರೂ ಸಾಲ್ವೆತ್ತಿಯದೇ ತಪ್ಪು ಅಂದರು. ಗೂಡುಗಳನ್ನು ಸರಿಯಾಗಿ ಕೊರೆದಿಲ್ಲ, ಹಳೇ ಕಂಪನಿ ಕೆಟ್ಟುಹೋಯಿತು, ಬೊರ್ದಾನಿಯೇ ವಾಸಿ ಅಂದರು. ಇಂಗ್ವಾರ್ ತನ್ನ ಗನ್ನನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ. ಕುಮುದಾಗೆ ಫೋನ್ ಮಾಡಿ ಹೇಳಿದ: "ನನ್ನ ಗನ್ ನಿನ್ನ ಕಣ್ಣು ತೆಗೆಯುತ್ತಿತ್ತು. ಆ ಕಂಪನಿಯ ಹೆಸರಿದ್ದರೆ ನಾನು ಸಹಿ ಹಾಕುವುದಿಲ್ಲ. ಬೊರ್ದಾನಿ ಬರೆ, ಈಗಲೇ ಹಾಕುತ್ತೇನೆ."

ಬೊರ್ದಾನಿಯಲ್ಲಿ ಅವಳಿಗೆ ಎಂಬತ್ನಾಲ್ಕರ ಮೇಲೆ ಏರುವುದಿಲ್ಲ. ತಂಡಕ್ಕೆ ಸಿಗುವುದಿಲ್ಲ. ನಿಧಾನವಾಗಿ ತಾನಾಗೇ ಬಿಟ್ಟುಬಿಡುತ್ತಾಳೆ. ಭಾನುವಾರ ಮನೆಯಲ್ಲಿರುತ್ತಾಳೆ, ಎರಡೂ ಕಣ್ಣಿನ ಜೊತೆ. ಅದಕ್ಕಾಗಿ ನಾನು ಮಾಡಬೇಕಾದದ್ದು ಏನು? ಏನೂ ಇಲ್ಲ, ಸುಮ್ಮನಿರುವುದು. ಹೌದು, ಹಾಗೆಯೇ ಯೋಚಿಸಿದೆ. ಹೆದರಿಕೆಯಿತ್ತು, ನಿಜವಾದ ಹೆದರಿಕೆ, ಅದನ್ನು ಸುಳ್ಳು ಅನ್ನಬೇಡಿ. ಆದರೆ ಅದರ ಪಕ್ಕದಲ್ಲೇ ಕಳ್ಳತನವೂ ಇತ್ತು.

ಮೂರು ವಾರ. ಅಬ್ಬಾ, ಆ ಮೂರು ವಾರ! ಕುಮುದಾ ಒಂದು ಮಾತು ಜಾಸ್ತಿ ಆಡಲಿಲ್ಲ, ಒಂದು ಮಾತು ಕಡಿಮೆ ಆಡಲಿಲ್ಲ. ಬೆಳಗ್ಗೆ ಎದ್ದು ಲ್ಯಾಬಿಗೆ ಹೋಗುವಳು, ಬಂದು ಉಣ್ಣುವಳು, ನೋಟುಬುಕ್ಕು ತೆರೆದು ಕೂರುವಳು. ಸುಟ್ಟ ಹೆಬ್ಬೆರಳಿಂದ ಪೆನ್ನು ಹಿಡಿಯಲು ಕಷ್ಟಪಡುತ್ತಿದ್ದಳು. ನಾನು ಹಣಕಿ ನೋಡಿದರೆ ಬರೀ ಅಂಕಿಗಳು. ಒಂದು ದಿನ ಊಟದ ನಡುವೆ "ರೀ" ಅಂದಳು. ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದೆ. "ಪಲ್ಯಾ ಚಲೋ ಆಗೈತಿ" ಅಂದಳು. ದಾಗಿಸ್‌ನಲ್ಲಿ ಒಬ್ಬ ಹುಡುಗ ಇನ್ನೊಬ್ಬನ ಗೋಪುರ ಬೀಳಿಸಿ "ನಾನಲ್ಲ" ಅಂತ ಅಳುತ್ತಿದ್ದ. "ನಿಜ ಹೇಳು, ಯಾರೂ ಬೈಯುವುದಿಲ್ಲ" ಅಂತ ಅವನಿಗೆ ಬುದ್ಧಿ ಹೇಳಬೇಕಾದವನು ನಾನು. ಅದರ ಬದಲು ಅವನ ಜೊತೆ ಕೂತು ಗೋಪುರ ಕಟ್ಟಿದೆ. ಲುಂಡ್‌ನಲ್ಲಿ ಓದುತ್ತಿರುವ ಮಗಳು ಅನ್ಯಾ ಫೋನ್ ಮಾಡಿ ಸ್ವೀಡಿಷಿನಲ್ಲೇ ಕೇಳಿದಳು, "ಅಪ್ಪಾ, ಅಮ್ಮ ಶೂಟಿಂಗ್ ಬಿಡ್ತಾಳಾ?" ಅಂತ. "ಬಿಟ್ಟರೆ ಒಳ್ಳೇದೇ" ಅಂದೆ. ಅವಳು "ಯಾರಿಗೆ?" ಅಂದಳು. ಎಲಾ ಇವಳಾ, ತಾಯಿಯ ಮಗಳೇ ಸರಿ.

ಆಗಸ್ಟಿನ ಕೊನೆಯ ಭಾನುವಾರ. ಮರುದಿನ ಗಡುವು. ಬೆಳಗ್ಗೆ ಹತ್ತಕ್ಕೆ ಪೂಜೆ ಮುಗಿಸಿ, ಜೋಳದ ಹಿಟ್ಟು ಕಲಸೋಣ ಅಂತ ಅಡುಗೆಮನೆಗೆ ಬಂದರೆ ನನ್ನ ರೊಟ್ಟಿಯ ಹಂಚು ಅಲ್ಲಿಲ್ಲ. ಊಟದ ಮೇಜಿನ ಮೇಲಿತ್ತು. ಅದರ ಮುಂದೆ ಕುಮುದಾ. ಪಕ್ಕದಲ್ಲಿ ಆ ತಕ್ಕಡಿ, ಒಂದು ಥರ್ಮಾಮೀಟರ್.

ಕರಿ ಹಂಚಿನ ಮೇಲೆ ಮೂರು ಬಿಳಿ ಬೊಟ್ಟು ಇಟ್ಟಿದ್ದಳು.

"ಕುಂದರ್ರಿ" ಅಂದಳು. ಕೂತೆ.

"ಇದು ಇಂಗ್ವಾರ್‌ನ ಗ್ರೀಸು. ಇದು ನೀವು ಹ್ವಾದ ವರ್ಷ ಮಾಡಿದ್ದು, ಹಳೇ ಡಬ್ಬಿಯಾಗ ಉಳಿದಿತ್ತು." ಮೂರನೆಯದರ ಮೇಲೆ ಬೆರಳು ತಂದು ನಿಲ್ಲಿಸಿದಳು. "ಇದು ಅವತ್ತಿಂದು. ನನ್ನ ಪೆಟ್ಟಿಗ್ಯಾಗಿನ ಅರಬೀಗೆ ಮೆತ್ತಿತ್ತು. ಕೆರೆದು ಫ್ರಿಜ್ಜಿನ್ಯಾಗ ಇಟ್ಟಿದ್ದೆ."

ಡಬ್ಬಿ ತೊಳೆದಿದ್ದೆ ನಾನು. ಬಟ್ಟೆ ಮರೆತಿದ್ದೆ.

ಕಿಟಕಿಯ ಕಟ್ಟೆಯ ಮೇಲೆ ಬಿಸಿಲು ಬಿದ್ದಿತ್ತು, ಮೇಜಿನಿಂದ ಒಂದು ಮೊಳ ದೂರ. ಅವಳು ಎರಡೂ ಕೈಯಿಂದ ಹಂಚಿನ ಅಂಚು ಹಿಡಿದುಕೊಂಡಳು. ಎತ್ತಲಿಲ್ಲ. ನನ್ನ ಮುಖವನ್ನೇ ನೋಡಿದಳು.

"ಇದನ್ನ ಬಿಸಿಲಿಗೆ ಇಡ್ಲೋ? ಇಲ್ಲಾ ನೀವ ಹೇಳ್ತೀರೋ?"

ಇನ್ನೂ ಒಂದು ಸುಳ್ಳಿಗೆ ಜಾಗವಿತ್ತು ನೋಡಿ. ಮೇಣ ಕಳಪೆ ಇತ್ತು ಅನ್ನಬಹುದಿತ್ತು. ಅಂಗಡಿಯವನು ಮೋಸ ಮಾಡಿದ ಅನ್ನಬಹುದಿತ್ತು. ಹೆಬ್ಬೆರಳಿನ ಬುಡದಲ್ಲಿ ಅವಳ ಹೊಸ ಚರ್ಮ ಗುಲಾಬಿ ಬಣ್ಣಕ್ಕಿತ್ತು. ಅದನ್ನೇ ನೋಡುತ್ತಾ ಹೇಳಿದೆ.

"ಮೇಣ ಹಾಕಿದ್ದಿಲ್ಲ. ತೀರಿತ್ತು. ಬರೀ ಎಣ್ಣಿ."

"ಇಂಗ್ವಾರ್ ಕೇಳಿದಾಗ?"

"ಸುಳ್ಳ ಹೇಳಿದೆ."

"ಯಾಕ?"

"ಮೊದಲ ನಾಚಿಕಿ ಆತು. ಆಮ್ಯಾಲೆ..." ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣಗಾಯಿತು. "ಆಮ್ಯಾಲೆ ನೀ ಬಿಡ್ತಿ ಅಂತ ಸುಮ್ನಿದ್ದೆ. ನನಗ ಅಂಜಿಕಿ ಕುಮುದಾ. ನಿನ್ನ ಕಣ್ಣು ಹೋದ್ರ ನಾ ಏನ ಮಾಡ್ಲಿ?"

ಅವಳು ಹಂಚಿನಿಂದ ಕೈ ತೆಗೆದಳು. ನೋಟುಬುಕ್ಕಿನೊಳಗಿಂದ ಒಂದು ಕಾಗದ ಎಳೆದು ನನ್ನ ಮುಂದಿಟ್ಟಳು. ಪೊಲೀಸರ ಅರ್ಜಿ. ತಯಾರಕರ ಹೆಸರಿನ ಜಾಗದಲ್ಲಿ ಸಾಲ್ವೆತ್ತಿ ಅಂತ ಬರೆದಿತ್ತು. ಕೆಳಗಿನ ತಾರೀಖು ನೋಡಿದೆ. ಆ ಘಟನೆಯಾಗಿ ಮೂರನೆಯ ದಿನದ್ದು.

"ಎರಡ ದಿನದಾಗ ತಿಳೀತ್ರಿ. ಕ್ಲಬ್ಬಿನ ಗುಂಡು ಬೊರ್ದಾನಿ ಗೂಡಿನ ಅಳತೀವು, ಸಾಲ್ವೆತ್ತಿಗೆ ಒಂದ ಕೂದಲೆಳಿ ಸಣ್ಣು. ಅದು ಕ್ಲಬ್ಬಿನ ತಪ್ಪು, ನನ್ನದೂ ಹೌದು, ನಾ ಅಳೀಬೇಕಾಗಿತ್ತು. ದೊಡ್ಡ ಗುಂಡು ಹಾಕಿದ್ರ ಬಿಗಿ ಕುಂದರ್ತಾವು. ಅವತ್ತ ಉಳಿದಿದ್ದು ಗ್ರೀಸ ಒಂದ. ಅದು ಹರಿದು ಹೋತು. ಇಟಲಿಯವರದು ಏನೂ ತಪ್ಪಿಲ್ಲ."

"ಗೊತ್ತಿದ್ದೂ ಮೂರ ವಾರ ಸುಮ್ನಿದ್ದೆಲ್ಲ?"

"ನೀವು ಹೇಳ್ತೀರಿ ಅಂತ ಕಾದೆ."

"ನಾ ಹೇಳದ ಇದ್ದಿದ್ರ?"

"ಇವತ್ತ ಈ ಹಂಚು ಒಯ್ದು ಇಂಗ್ವಾರ್‌ನ ಮುಂದ ಬಿಸಿಲಿಗೆ ಇಡ್ತಿದ್ದೆ. ಅವ ಸಹಿ ಹಾಕ್ತಿದ್ದ. ಅರ್ಜಿ ಹೋಗ್ತಿತ್ತು." ಅವಳು ಕಾಗದವನ್ನು ಮತ್ತೆ ನೋಟುಬುಕ್ಕಿನೊಳಗೆ ಇಟ್ಟಳು. "ಆದ್ರ ನಿಮ್ಮ ಕೈಯಾಗಿನ ರೊಟ್ಟಿ ನಾ ಮತ್ತ ಉಣ್ತಿದ್ದಿಲ್ಲ."

ಕೂಗಾಡಿದ್ದರೆ ಎಷ್ಟೋ ವಾಸಿ ಇತ್ತು. ನಾನು ತಲೆ ತಗ್ಗಿಸಿ ಕೂತೆ. ಅವಳು ಮಾತು ಮುಂದುವರಿಸಿದಳು, ಆಗ ಮಾತ್ರ ಅವಳ ದನಿ ಒಡೆಯಿತು.

"ದಿಲ್ಲಿಗೆ ಹೋಗೂದು ತಪ್ಪಿದಾಗ ನಿಮಗ ಗೊತ್ತಿದ್ದಿಲ್ಲ. ಅದಕ್ಕ ನಿಮ್ಮ ಮ್ಯಾಲೆ ಒಂದ ದಿನಾನೂ ಸಿಟ್ಟು ಮಾಡಲಿಲ್ಲ. ಈ ಸಲ ನಿಮಗ ಗೊತ್ತಿತ್ತು."

ಅತ್ತೆ ಅಷ್ಟೇ, ಐವತ್ತಮೂರು ವರ್ಷದ ಗಂಡಸು ಹಂಚಿನ ಮುಂದೆ ಕೂತು ಅತ್ತೆ. ಅವಳು ಸಮಾಧಾನ ಮಾಡಲಿಲ್ಲ. ಕಾರಿನ ಕೀಲಿ ತಂದು ಮೇಜಿನ ಮೇಲಿಟ್ಟಳು.

ಇಂಗ್ವಾರ್ ಮನೆಯ ಮುಂದೆ ಹುಲ್ಲು ಕತ್ತರಿಸುತ್ತಿದ್ದ. ಯಂತ್ರ ನಿಲ್ಲಿಸಿದ. ನನ್ನ ದಾಗಿಸ್ ಸ್ವೀಡಿಷಿನಲ್ಲಿ, ಮಕ್ಕಳಿಗೆ ಹೇಳುವಂತೆ ಸಣ್ಣ ಸಣ್ಣ ವಾಕ್ಯದಲ್ಲಿ, ಎಲ್ಲ ಹೇಳಿದೆ. ಗ್ರೀಸಿನಲ್ಲಿ ಮೇಣ ಇರಲಿಲ್ಲ. ನಾನು ಸುಳ್ಳು ಹೇಳಿದೆ. ನಿನ್ನ ಗನ್ನಿನದು ತಪ್ಪಲ್ಲ. ಮುದುಕ ಕೇಳಿಸಿಕೊಂಡು ಒಳಗೆ ಹೋದ. ಬಾಗಿಲು ತೆರೆದೇ ಇತ್ತು. ಕಪಾಟಿನ ಬೀಗ ತೆಗೆದ ಸದ್ದು ಕೇಳಿಸಿತು. ಸಾಲ್ವೆತ್ತಿ ತಂದು, ಖಾಲಿ ಸಿಲಿಂಡರನ್ನು ಬೆಳಕಿಗೆ ಹಿಡಿದು, ಒಂದೊಂದೇ ಗೂಡಿನೊಳಗೆ ಕಣ್ಣಿಟ್ಟು ನೋಡಿದ. ಆರೂ ನೋಡಿದ.

"ಮೂರು ವಾರ ನನಗೆ ಸರಿಯಾದ ನಿದ್ದೆಯಿಲ್ಲ" ಅಂದ. ಅದು ನನಗೆ ಹೇಳಿದ್ದು. ಆಮೇಲೆ ಕುಮುದಾಳ ಕಡೆ ಕೈ ಚಾಚಿ "ಕಾಗದ ಕೊಡು" ಅಂದ. ಹುಲ್ಲಿನ ಯಂತ್ರದ ಮೇಲೇ ಇಟ್ಟು ಸಹಿ ಹಾಕಿದ. ಕಾಫಿಗೆ ಒಳಗೆ ಕರೆಯಲಿಲ್ಲ. ಆರು ವರ್ಷದಲ್ಲಿ ಇಂಗ್ವಾರ್ ಕಾಫಿಗೆ ಕರೆಯದೆ ಕಳಿಸಿದ್ದು ಅದೇ ಮೊದಲು.

ಅವತ್ತು ಮಧ್ಯಾಹ್ನ ರೊಟ್ಟಿ ಬಡಿದೆ. ತಟ್ಟೆಗೆ ಹಾಕಿ ಅವಳ ಮುಂದಿಟ್ಟು ಅಡುಗೆಮನೆಯಲ್ಲೇ ನಿಂತೆ, ಹೊರಗೆ ಬರುವ ಧೈರ್ಯವಿರಲಿಲ್ಲ. ರೊಟ್ಟಿ ಮುರಿದ ಸದ್ದು ಕೇಳಿಸಿತು. ಉಂಡಳು. ಆದರೆ ಸಂಜೆ ನೋಡಿದರೆ ಒಲೆಯ ಮೇಲೆ ಅವಳೇ ಮೇಣ ಕರಗಿಸುತ್ತಿದ್ದಳು, ತಕ್ಕಡಿ ಪಕ್ಕದಲ್ಲಿಟ್ಟುಕೊಂಡು. ಹೊಸ ಡಬ್ಬಿ ತಂದಿದ್ದಳು. ಇನ್ನು ಗ್ರೀಸು ನನ್ನದಲ್ಲ ಅಂತ ಯಾರೂ ಹೇಳಬೇಕಾಗಿರಲಿಲ್ಲ.

ಲೈಸೆನ್ಸ್ ಫೆಬ್ರವರಿಯಲ್ಲಿ ಬಂತು, ಅದರ ಹಿಂದೆಯೇ ಹೊಸ ಸಾಲ್ವೆತ್ತಿ. ದೊಡ್ಡ ಅಳತೆಯ ಗುಂಡು ಬಂದವು. ಈಗ ರವೆಯೂ ಹಾಕುತ್ತಾಳೆ. ಭಾನುವಾರ ಭಾನುವಾರ ನಾನು ಕಾರು ಓಡಿಸಿಕೊಂಡು ಹೋಗುತ್ತಿದ್ದೆ, ಅವಳ ಹಿಂದೆ ಖಾಲಿ ಕೈಯಲ್ಲಿ ನಿಲ್ಲುತ್ತಿದ್ದೆ. ಖಾಲಿ ಅಂದೆನೇ? ಪೂರ್ತಿ ಖಾಲಿಯಲ್ಲ. ಕೋಟಿನ ಜೇಬಿನಲ್ಲಿ ಆ ವಿಭೂತಿ ಡಬ್ಬಿ ಇರುತ್ತಿತ್ತು. ಅರ್ಧ ಎಣ್ಣೆ, ಅರ್ಧ ಮೇಣ, ಅವಳ ತಕ್ಕಡಿಯಲ್ಲೇ ಗ್ರಾಂ ಲೆಕ್ಕದಲ್ಲಿ ತೂಗಿ ಮಾಡಿದ್ದು. ಪ್ರತಿ ತಿಂಗಳು ಹಳೆಯದು ಚೆಲ್ಲಿ ಹೊಸದು ತುಂಬುತ್ತಿದ್ದೆ. ಅವಳು ಕೇಳಲಿಲ್ಲ, ನಾನು ತೋರಿಸಲಿಲ್ಲ.

ಮೇ ತಿಂಗಳ ಕೊನೆಗೆ ಆಯ್ಕೆ. ಆ ದಿನವೂ ಸುಡುಬಿಸಿಲು, ಬೇಕಂತಲೇ ಬಂದಂತೆ. ಕುಮುದಾ ಮೇಜಿನ ಮೇಲೆ ಸಾಮಾನು ಸಾಲಾಗಿ ಇಟ್ಟಳು, ಮದ್ದು, ರವೆ, ಗುಂಡು, ಬಟ್ಟೆ. ಶುರುವಾಗಲು ಇನ್ನೂ ಅರ್ಧ ಗಂಟೆಯಿತ್ತು. ಪೆಟ್ಟಿಗೆಯೊಳಗಿನ ತನ್ನ ಗ್ರೀಸಿನ ಡಬ್ಬಿಯ ಮೇಲೆ ಕೈಯಿಟ್ಟಳು, ತೆಗೆಯಲಿಲ್ಲ. ತಿರುಗಿದಳು.

"ನಿಮ್ಮ ಡಬ್ಬಿ ತಂದೀರೋ ಇಲ್ಲೋ?"

ಇವಳಿಗೆ ಗೊತ್ತು. ಮೊದಲಿಂದಲೂ ಗೊತ್ತು. ಜೇಬಿನಿಂದ ತೆಗೆದು ಕೊಟ್ಟೆ.

ಮುಚ್ಚಳ ತೆರೆದು ಡಬ್ಬಿಯನ್ನು ಬಿಸಿಲಿಗೆ ಇಟ್ಟಳು. ಗಡಿಯಾರ ನೋಡಿಕೊಂಡಳು. ಇಪ್ಪತ್ತು ನಿಮಿಷ ಇಬ್ಬರೂ ಆ ಡಬ್ಬಿಯನ್ನೇ ನೋಡುತ್ತಾ ನಿಂತೆವು. ಎಂಥ ಇಪ್ಪತ್ತು ನಿಮಿಷ, ಶಿವನೇ. ನಾನು ತೂಗಿದ್ದು ಸರಿಯಿದೆಯೇ, ಮೇಣ ಒಳ್ಳೆಯದಿತ್ತೇ, ಎಲ್ಲದರ ಮೇಲೂ ಅನುಮಾನ ಬಂತು. ಇಂಗ್ವಾರ್ ಬಂದು ಪಕ್ಕದಲ್ಲಿ ನಿಂತ, ಅವನೂ ಡಬ್ಬಿ ನೋಡಿದ. ಕುಮುದಾ ಹೆಬ್ಬೆರಳಿಂದ ಒತ್ತಿದಳು. ಬೆರಳು ಒಳಗೆ ಹೋಗಲಿಲ್ಲ. ಡಬ್ಬಿ ಓರೆ ಮಾಡಿದಳು. ಒಂದು ಹನಿ ಹರಿಯಲಿಲ್ಲ.

ಐದು ಗೂಡು ತುಂಬಿದಳು. ಐದಕ್ಕೂ ನನ್ನ ಗ್ರೀಸು ಮೆತ್ತಿ ಡಬ್ಬಿಯನ್ನು ನನ್ನ ಕೈಗೆ ಕೊಟ್ಟಳು. ಕನ್ನಡಕ ಸರಿಮಾಡಿಕೊಂಡು ಕೈ ಎತ್ತಿದಳು.

ನಾನು ಕಣ್ಣು ಮುಚ್ಚಲಿಲ್ಲ. ಒಂದು. ಹೊಗೆ ಸರಿಯುವವರೆಗೆ ಉಸಿರು ಹಿಡಿದೆ. ಎರಡು. ಮೂರು. ನಾಲ್ಕನೆಯದಕ್ಕೆ ಅವಳು ಕೈ ಇಳಿಸಿ, ಉಸಿರೆಳೆದು, ಮತ್ತೆ ಎತ್ತಿದಳು. ನಾಲ್ಕು. ಐದು. ಐದು ಸದ್ದು, ಒಂದೊಂದೇ, ಬೇರೆ ಬೇರೆ. ಇಂಗ್ವಾರ್ ದೂರದರ್ಶಕದಿಂದ ಗುರಿ ನೋಡಿ ನನ್ನ ಭುಜದ ಮೇಲೆ ಕೈಯಿಟ್ಟ, ಎಷ್ಟು ಅಂಕ ಅಂತ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಕುಮುದಾ ಗುರಿಯಿಂದ ಕಣ್ಣು ತೆಗೆಯದೆ ಎಡಗೈಯನ್ನು ಹಿಂದಕ್ಕೆ ಚಾಚಿದಳು. ನಾನು ಡಬ್ಬಿ ಅವಳ ಅಂಗೈಯಲ್ಲಿಟ್ಟೆ.